ಪೂರ್ವಕ್ಕೆ ಬಂದಷ್ಟೂ ಕುಳ್ಳಾಗುವ ಮರ

ನ್ಯೂಯಾರ್ಕಿನಲ್ಲಿ ಹದಿನಾಲ್ಕಡಿ, ರೋಮಿನಲ್ಲಿ ಏಳಡಿ, ಬೆತ್ಲೆಹೇಮಿನಲ್ಲಿ ಒಂದೂವರೆ ಅಡಿ, ಮದರಾಸಿನಲ್ಲಿ ಸೊನ್ನೆಗಿಂತ ಆರಡಿ ಕಡಿಮೆ. ಬೇರಿಲ್ಲ, ಆದರೂ ಆರು ದೇಶ ನೋಡಿತು. ಏನದು, ಹೇಳಿ ನೋಡೋಣ?

ಗೊತ್ತಾಗಲಿಲ್ಲ ತಾನೆ? ಬಿಡಿ, ಲೆಕ್ಕದ ಮೇಷ್ಟ್ರಿಗೂ ಗೊತ್ತಾಗಲಿಲ್ಲ. ಬೆಂಚಿನ ಮೇಲೆ ನಿಂತದ್ದು ಮಾತ್ರ ಅವರಲ್ಲ, ಒಗಟು ಕೇಳಿದ ನಾನು.

ಸಾವಿರದ ಒಂಬೈನೂರ ಐವತ್ತೆಂಟನೆಯ ಇಸವಿಯಲ್ಲಿ ಮದರಾಸು ನಗರಕ್ಕೆ ಲೋಕವೇ ಬಂದು ನೋಡುವಂಥ ಕ್ರಿಸ್‌ಮಸ್ ಮರ ಒಂದಿಲ್ಲವೆಂಬ ಗಂಭೀರ ಕೊರತೆಯನ್ನು ಜಗತ್ಪ್ರಸಿದ್ಧ ದೃಶ್ಯಗಳ ಅನುಕರಣ ಇಲಾಖೆಯು ಮನಗಂಡಿತು. ಇಲಾಖೆಯ ನಿರ್ದೇಶಕರಾದ ತಿರುಮಲೇಶ ಅವರು ಕ್ಷೌರದಂಗಡಿಯಲ್ಲಿ ಒಂದು ವಿಲಾಯತಿ ಪತ್ರಿಕೆ ತಿರುವುತ್ತಿದ್ದಾಗ ಈ ಕೊರತೆ ಕಣ್ಣಿಗೆ ಬಿದ್ದಿತ್ತು. ನ್ಯೂಯಾರ್ಕಿನಲ್ಲಿ ಮೈತುಂಬ ದೀಪ ಹೊತ್ತ ಮರ, ಲಂಡನ್ನಿಗೆ ನಾರ್ವೆಯವರು ವರ್ಷವರ್ಷವೂ ಉಡುಗೊರೆ ಕಳಿಸುವ ಮರ, ದೇಶ ಸುತ್ತುವವರು ನೋಡಲೇಬೇಕಾದ ಮರಗಳೆಂದು ಸಾಲಾಗಿ ಅಚ್ಚಾಗಿದ್ದವು. ಮದರಾಸಿನ ಸುದ್ದಿಯೇ ಇಲ್ಲ. ಅರ್ಧ ಮೀಸೆ ಕತ್ತರಿಸಿಕೊಂಡೇ ಅವರು ಕಚೇರಿಗೆ ಓಡಿ ಆದೇಶ ಹೊರಡಿಸಿದರು: ಒಬ್ಬ ನೌಕರನು ಆರು ನಗರಗಳಿಗೆ ಆರು ದಿನಗಳಲ್ಲಿ ಭೇಟಿಯಿತ್ತು, ಮರಗಳನ್ನು ಅಳೆದು, ವರದಿ ಸಲ್ಲಿಸತಕ್ಕದ್ದು. ಒಂದು ಊರಿನಿಂದ ಇನ್ನೊಂದಕ್ಕೆ ಹೋಗಲು ಹಿಡಿಯುವ ಸಮಯ ಆದೇಶದ ವ್ಯಾಪ್ತಿಗೆ ಬರುತ್ತಿರಲಿಲ್ಲ.

ಆಯ್ಕೆಯಾದವನು ಏಕಾಂತಪ್ಪ. ಒಂಬತ್ತು ವರ್ಷದಿಂದ ಅಲ್ಲಿ ತಾತ್ಕಾಲಿಕ ಗುಮಾಸ್ತ. ಅವನ ಕುರ್ಚಿಯ ಬೆನ್ನಿಗೂ ‘ತಾತ್ಕಾಲಿಕ’ ಎಂದು ಬಣ್ಣದಲ್ಲಿ ಬರೆದಿತ್ತು.

“ವರದಿ ತಂದರೆ ಖಾಯಂ. ತರದಿದ್ದರೆ ಕುರ್ಚಿ ವಾಪಸ್,” ಎಂದರು ನಿರ್ದೇಶಕರು.

ಏಕಾಂತಪ್ಪನಿಗೆ ಹಾರ ಬಿತ್ತು, ಫೋಟೋ ತೆಗೆದರು. ಹೆಂಡತಿ ಜಯದೇವಿ ಅವನಿಗೊಂದು ಉಣ್ಣೆ ಕೋಟು ಹೊಲಿಸಿ, ಓಣಿ ತುಂಬ ಸಕ್ಕರೆ ಹಂಚಿದಳು. ಮೀನಂಬಾಕ್ಕಂ ವಿಮಾನ ನಿಲ್ದಾಣಕ್ಕೆ ಹೋದರೆ ಅಲ್ಲಿ ಟಿಕೆಟ್ಟಿನ ಬದಲು ಒಂದು ಕಾಗದ ಕಾದಿತ್ತು. ವಿದೇಶಿ ವಿನಿಮಯದ ಅಭಾವದಿಂದ ಪ್ರಯಾಣಕ್ಕೆ ಅನುಮತಿ ಇಲ್ಲ. ಪ್ರವಾಸ ಮಾತ್ರ ಮಂಜೂರಾದಂತೆಯೇ ಮುಂದುವರಿಯುವುದು.

ಮರುದಿನ ಬೆಳಿಗ್ಗೆ ಕಚೇರಿಗೆ ಹೋದ ಏಕಾಂತಪ್ಪನನ್ನು ಜವಾನ ಬಾಗಿಲಲ್ಲೇ ತಡೆದ. “ಸಾರ್, ನೀಂಗ ಅಮೆರಿಕಾವುಲ ಇರುಕ್ಕೀಂಗ,” ನೀವಿರುವುದು ಅಮೆರಿಕಾದಲ್ಲಿ, ಎಂದ.

“ಇಲ್ಲೇ ನಿಂತಿದ್ದೀನಲ್ಲಪ್ಪಾ!”

ಜವಾನ ಹಾಜರಿ ಪುಸ್ತಕ ತೆರೆದು ತೋರಿಸಿದ. ಇವನ ಹೆಸರಿನ ಮುಂದೆ ಕೆಂಪು ಶಾಯಿಯಲ್ಲಿ ‘ನ್ಯೂಯಾರ್ಕ್’ ಎಂದಿತ್ತು. ಪ್ರವಾಸ ರದ್ದು ಮಾಡಬಹುದಿತ್ತು. ಆದರೆ ರದ್ದತಿಯ ಅರ್ಜಿಗೆ ಪ್ರವಾಸಿಯ ಸಹಿ ಬೇಕು, ಪ್ರವಾಸಿ ಊರಲ್ಲಿಲ್ಲ.

ಮನೆಗೆ ಹೋದರೆ ಜಯದೇವಿ ಬಾಗಿಲನ್ನು ಅರ್ಧವೇ ತೆಗೆದಳು. “ಅಯ್ಯ ಶಿವನೇ! ಅಮೆರಿಕಾದಾಗ ಇರೋರು ಮನಿಗೆ ಉಣ್ಣಾಕ ಹ್ಯಾಂಗ ಬರ್ತೀರಿ? ಓಣ್ಯಾಗ ನನ್ನ ಮಾನ ಏನಾಗಬೇಕು? ಖಾಯಂ ಆಗಿ ಬರ್ರಿ,” ಎಂದು ಚಿಲಕ ಹಾಕಿದಳು. ಕಿಟಕಿಯಿಂದ ಮತ್ತೆ ಕರೆದು, “ಕೋಟು ಬಿಚ್ಚಬ್ಯಾಡ್ರಿ, ಅಲ್ಲಿ ಥಂಡಿ ಇರ್ತದಂತ,” ಎಂದಳು.

ಕೋಟಿನಲ್ಲೇ ಬೇಯುತ್ತ ಅವನು ಸೌಕಾರ್‌ಪೇಟೆಗೆ ಬಂದ. ಅಲ್ಲಿ ಮೋನಪ್ಪನ ಉಡುಪಿ ಹೋಟೆಲು. ಮೋನಪ್ಪ ಗಲ್ಲಾದ ಹಿಂದಿನಿಂದ ನೋಡಿ, “ಎಂತ ಮಾರಾಯ್ರೇ, ಹಾರ ಹಾಕಿಸಿಕೊಂಡು ಹೋದವರು ಇಷ್ಟು ಬೇಗ ಬಂದ್ರಾ?” ಎಂದ.

ಏಕಾಂತಪ್ಪ ಎಲ್ಲವನ್ನೂ ಹೇಳಿಕೊಂಡ. “ಒಂದಾದರೂ ಕ್ರಿಸ್‌ಮಸ್ ಮರ ನೋಡದೆ ಏನಂತ ವರದಿ ಬರೀಲಿ?”

“ಅಷ್ಟೇ ಅಲ್ವಾ? ಹಿತ್ತಲಿಗೆ ಬನ್ನಿ.”

ಹಿತ್ತಲ ಗೋಡೆಗೆ ಒಂದು ಗಾಳಿಮರ ಒರಗಿ ನಿಂತಿತ್ತು. ಮದರಾಸಿನಲ್ಲಿ ಸವುಕ್ಕು ಎನ್ನುತ್ತಾರಲ್ಲ, ಹೋಟೆಲಿನ ಒಲೆಗೆಲ್ಲ ಅದೇ ಸೌದೆ. ಸೂಜಿಯಂಥ ಎಲೆ, ದೂರದಿಂದ ನೋಡಿದರೆ ಪತ್ರಿಕೆಯ ಚಿತ್ರವೇ. ಸೌದೆ ಡಿಪೋದಲ್ಲಿ ಸೀಳುವವನು ರಜೆ ಹಾಕಿದ್ದರಿಂದ ಇಡೀ ಮರವನ್ನೇ ತಂದು ಹಾಕಿದ್ದರು.

ಏಕಾಂತಪ್ಪ ಟೇಪು ಹಿಡಿದ. ಹದಿನಾಲ್ಕಡಿ. ‘ನ್ಯೂಯಾರ್ಕ್’ ಎಂದು ಬರೆದು, ಕೆಳಗೆ ಗೆರೆ ಎಳೆದ.

ಒಂದೇ ತೊಡಕು. ಅಡುಗೆ ಭಟ್ಟ ಸುಬ್ರಾಯನಿಗೂ ಆ ಮರ ಬೇಕಿತ್ತು. ಕೊಡಲಿ ಹಿಡಿದು ಬಂದವನನ್ನು ಏಕಾಂತಪ್ಪ ಕೈಮುಗಿದು ತಡೆದ. “ಭಟ್ಟರೇ, ತುದಿ ಕಡಿದರೆ ಮರದ ಮುಖವೇ ಹೋಗುತ್ತೆ. ಬುಡದಿಂದ ಕಡೀರಿ.”

“ನಂಗೆಂತ, ಬುಡವಾದ್ರೂ ಉರೀತದೆ, ತುದಿಯಾದ್ರೂ ಉರೀತದೆ,” ಎಂದ ಸುಬ್ರಾಯ.

ಹೀಗೆ ಪ್ರವಾಸ ಸಾಗಿತು. ಶುಕ್ರವಾರ ಲಂಡನ್, ಹನ್ನೆರಡಡಿ. ಇಡ್ಲಿ ಹಂಡೆಯ ಮುಚ್ಚಳ ತೆಗೆದಾಗ ಹಿತ್ತಲೆಲ್ಲ ಮಂಜು ಕವಿದು, ಎರಡು ಮಾರು ದೂರದ ಮರ ಕಾಣದಂತಾಯಿತು. ‘ಲಂಡನ್ನಿನ ಮಂಜಿನ ಬಗ್ಗೆ ಕೇಳಿದ್ದೆಲ್ಲ ನಿಜ’ ಎಂದು ಏಕಾಂತಪ್ಪ ದಾಖಲಿಸಿದ. ಶನಿವಾರ ಪ್ಯಾರಿಸ್, ಹತ್ತಡಿ. ಮರದ ಮೇಲೆ ಮೋನಪ್ಪನ ಹೆಂಡತಿ ಸರಸ ಒಣಹಾಕಿದ್ದ ಸೀರೆಯನ್ನು ಪ್ಯಾರಿಸ್ಸಿನ ಅಲಂಕಾರವೆಂದು ಬರೆದುಕೊಂಡ. ಭಾನುವಾರ ರೋಮ್. ಅಂದು ಊಟಕ್ಕೆ ಜನ ಹೆಚ್ಚು, ಸೌದೆ ಹೆಚ್ಚು; ಏಳಡಿ. ಸೋಮವಾರ ಅಥೆನ್ಸ್, ನಾಲ್ಕಡಿ. ಮರ ನೋಡಲು ಬಂದವರ ಸಂಖ್ಯೆಯನ್ನು ಅವನು ಊಟದ ಟಿಕೆಟ್ಟಿನಿಂದ ತೆಗೆದುಕೊಂಡ. ಮರ ಕೊಟ್ಟ ದೇಶ ಯಾವುದೆಂಬ ಕಾಲಮ್ಮಿನಲ್ಲಿ, ಸುಳ್ಳು ಬರೆಯಲು ಮನಸ್ಸಾಗದೆ, ಆರೂ ಕಡೆ ‘ಸೌಕಾರ್‌ಪೇಟೆ ಸೌದೆ ಡಿಪೋ’ ಎಂದೇ ಬರೆದ.

ಮಂಗಳವಾರ ಉಳಿದದ್ದು ಒಂದೂವರೆ ಅಡಿ ತುದಿ. ಏಕಾಂತಪ್ಪ ಅದನ್ನು ಮಗುವಿನಂತೆ ಅವಚಿಕೊಂಡು ನಿಂತ.

“ಕೊಡಿ ಇತ್ಲಾಗೆ, ಸಾರು ಕುದೀಲಿಕ್ಕುಂಟು!”

“ಬೆತ್ಲೆಹೇಮ್ ಮುಗಿಯೋ ತನಕ ತಡೀರಿ ಭಟ್ಟರೇ! ಒಂಬತ್ತು ವರ್ಷದ ತಪಸ್ಸು!”

“ನಿಮ್ಮ ಬೆತ್ಲೆಹೇಮ್ ತಡೀತದೆ, ಸಾರು ತಡೀತದಾ?”

ಅಳೆಯುವುದಕ್ಕೂ ಕಸಿಯುವುದಕ್ಕೂ ಸರಿಹೋಯಿತು. ಬೆತ್ಲೆಹೇಮಿನ ಸಾರು ಅಂದು ಬಹಳ ಚೆನ್ನಾಗಿತ್ತು.

ಪ್ರವಾಸ ಮುಗಿದದ್ದರಿಂದ ಬುಧವಾರ ಜವಾನ ಸಲಾಮು ಹೊಡೆದು ಒಳಗೆ ಬಿಟ್ಟ. ತಿರುಮಲೇಶ ಅವರು ಏಕಾಂತಪ್ಪನ ಕೋಟಿನ ಬಳಿ ಮೂಗು ತಂದು, “ಆಹಾ, ಪರದೇಶದ ವಾಸನೆಯೇ ಬೇರೆ,” ಎಂದರು. ಅದು ಇಂಗು.

ಆಮೇಲೆ ವರದಿ ಓದತೊಡಗಿದರು. ಹುಬ್ಬು ಮೇಲೇರಿತು.

“ಪ್ಯಾರಿಸ್ಸಿನಿಂದ ರೋಮಿಗೆ ಬರುವಷ್ಟರಲ್ಲಿ ಒಮ್ಮೆಗೇ ಮೂರಡಿ ಇಳಿದಿದೆ. ಯಾಕೆ?”

“ಅವತ್ತು ಭಾನುವಾರ, ಸ್ವಾಮಿ.”

“ಅದೂ ಹೌದು.” ಪುಟ ಮಗುಚಿದರು. “ಏನಿದು? ಆರು ದೇಶಕ್ಕೂ ಮರ ಕೊಟ್ಟದ್ದು ನಮ್ಮ ಸೌಕಾರ್‌ಪೇಟೆ?”

ಹೋಯಿತು ಕುರ್ಚಿ ಎಂದು ಏಕಾಂತಪ್ಪ ಕಣ್ಣು ಮುಚ್ಚಿದ.

ನಿರ್ದೇಶಕರು ಮೇಜು ಗುದ್ದಿದರು. “ರಫ್ತು! ನಾರ್ವೆಯವರನ್ನೇ ಹಿಂದೆ ಹಾಕಿದ್ದೇವೆ, ನಮಗೇ ಗೊತ್ತಿಲ್ಲ!” ಅವರ ಕಣ್ಣಲ್ಲಿ ನೀರಾಡಿತು. “ಅದಕ್ಕಿಂತ ದೊಡ್ಡ ಸಂಶೋಧನೆ ಇಲ್ಲಿದೆ. ಕ್ರಿಸ್‌ಮಸ್ ಮರ ಪೂರ್ವಕ್ಕೆ ಬಂದಷ್ಟೂ ಕುಳ್ಳಾಗುತ್ತದೆ. ಬೆತ್ಲೆಹೇಮಿಗೇ ಒಂದೂವರೆ ಅಡಿ ಆದರೆ ಮದರಾಸಿಗೆ ಎಷ್ಟು? ಲೆಕ್ಕ ಹಾಕಯ್ಯಾ.”

ಏಕಾಂತಪ್ಪ ಬೆರಳು ಮಡಿಚಿದ, ಬಿಚ್ಚಿದ. “ಸೊನ್ನೆಗಿಂತ ಆರಡಿ ಕೆಳಗೆ ಬರುತ್ತೆ, ಸ್ವಾಮಿ.”

“ನಿಯಮ ಅಂದರೆ ನಿಯಮ,” ಎಂದರು ನಿರ್ದೇಶಕರು.

ಮುಂದಿನ ಡಿಸೆಂಬರಿನಲ್ಲಿ ವೇಲಚೇರಿಯ ಬಯಲಿನಲ್ಲಿ ಆರಡಿ ಆಳದ ಗುಂಡಿ ತೋಡಿ, ತಳದಲ್ಲಿ ತಗಡಿನ ನಕ್ಷತ್ರವಿಟ್ಟು, ಪಕ್ಕದಲ್ಲಿ ಈ ಫಲಕ ನೆಟ್ಟರು:

‘ಸಾರ್ವಜನಿಕರ ಗಮನಕ್ಕೆ. ಇದು ಮದರಾಸಿನ ಅಧಿಕೃತ ಕ್ರಿಸ್‌ಮಸ್ ಮರ. ಮರವನ್ನು ಹತ್ತಬಯಸುವವರು ಇಳಿಯತಕ್ಕದ್ದು. ಮರದೊಳಗೆ ಬಾಳೆಹಣ್ಣಿನ ಸಿಪ್ಪೆ ಎಸೆಯಬಾರದು. ಮರದಲ್ಲಿ ಬಿದ್ದವರಿಗೆ ಇಲಾಖೆ ಹೊಣೆಯಲ್ಲ.’

ಜನ ಬಂದರು. ಬಗ್ಗಿ ನೋಡಿದರು. “ಎಷ್ಟು ಎತ್ತರ!” ಎಂದ ಒಬ್ಬ. ಮೋನಪ್ಪ ಗುಂಡಿಯ ಬದಿಯಲ್ಲಿ ಕಾಫಿ ಅಂಗಡಿ ಹಾಕಿದ. ಮಳೆ ಹಿಡಿದು ಗುಂಡಿಯಲ್ಲಿ ನೀರು ಏರತೊಡಗಿದಾಗ, ಮರ ಬೆಳೆಯುತ್ತಿದೆಯೆಂದು ಇಲಾಖೆ ಹರ್ಷದಿಂದ ಪ್ರಕಟಿಸಿತು. ವೇಲಚೇರಿಯ ಕಪ್ಪೆಗಳು ಬಂದು ಹಾಡಿದವು. ಜಯದೇವಿ ಓಣಿಯ ಹೆಂಗಸರನ್ನೆಲ್ಲ ಕರೆತಂದು, “ನಮ್ಮನಿಯವರು ಆರು ದೇಶ ತಿರುಗಿ ಕಲಿತು ಬಂದು ಮಾಡಿಸಿದ ಮರ ನೋಡ್ರಿ,” ಎಂದು ತೋರಿಸಿದಳು. ಹೆಂಗಸರು ನೋಡಿ, ಕುಂಕುಮ ಹಾಕಿ, ಕೈಮುಗಿದರು.

ಆ ಸಂಜೆಯೇ ಗುಂಡಿಯ ದಂಡೆಯಲ್ಲಿ ತಿರುಮಲೇಶ ಅವರು ಏಕಾಂತಪ್ಪನಿಗೆ ಖಾಯಂ ಆದೇಶ ಕೊಟ್ಟರು. ಅವನ ಕುರ್ಚಿಯನ್ನೇ ಅಲ್ಲಿಗೆ ತರಿಸಿ, ಎಲ್ಲರೆದುರು ಬೆನ್ನಿನ ಮೇಲಿನ ‘ತಾತ್ಕಾಲಿಕ’ವನ್ನು ಕೆರೆದು ಹಾಕಿಸಿದರು. ಏಕಾಂತಪ್ಪ ಅತ್ತ. ಜಯದೇವಿ ಅವನ ಕೋಟು ಬಿಚ್ಚಿಸಿದಳು.

ಈ ಕೊನೆ ಮಾತ್ರ ನಾನೇ ಕಟ್ಟಿದ್ದು. ಗುಂಡಿ, ಫಲಕ, ಕಪ್ಪೆ, ಕುಂಕುಮ ಎಲ್ಲ ನಿಜ. ಬೇಕಾದರೆ ವೇಲಚೇರಿಗೆ ಹೋಗಿ ಬಗ್ಗಿ ನೋಡಿ. ಆದರೆ ತಾತ್ಕಾಲಿಕ ಗುಮಾಸ್ತನೊಬ್ಬ ಖಾಯಂ ಆದ ಎಂದರೆ ನೀವೂ ನಂಬಿಬಿಟ್ಟಿರಲ್ಲ!