ಮೊದಲು ಬೊಂಜೂರ್

ಫ್ರೆಂಚ್ ಮೇಷ್ಟ್ರ ಎಡವಟ್ಟು ಶುರುವಾದದ್ದು ಹಿಂದಿನ ದಿನದ ಕೊನೆಯ ಪಿರಿಯಡ್ಡಿನಲ್ಲಿ. ಐದನೇ ತರಗತಿಗೆ ಅವರು ಹೇಳಿದ್ದರು: "ಫ್ರಾನ್ಸಿನಲ್ಲಿ ಅಂಗಡಿಗೆ ಹೋಗಿ ಸೀದಾ 'ಬ್ರೆಡ್ ಎಷ್ಟು' ಅಂದ್ರೆ ಯಾರೂ ತಲೆ ಎತ್ತಲ್ಲ. ಮೊದಲು ಬೊಂಜೂರ್, ಅಂದ್ರೆ ನಮಸ್ಕಾರ, ಅನ್ನಬೇಕು. ಎದುರಿಗಿರೋರು ಮನುಷ್ಯರು ಅಂತ ಗುರುತಿಸಬೇಕು. ಜನ ಹಾಗಿರೋದಕ್ಕೆ ಈ ಮಾತು ಬಂತೋ, ಈ ಮಾತಿರೋದಕ್ಕೆ ಜನ ಹಾಗಾದರೋ, ಬಿಡಿಸೋಕಾಗಲ್ಲ."

ಮಕ್ಕಳು ಕಣ್ಣರಳಿಸಿ ಕೇಳಿದರು. ಮೇಷ್ಟ್ರಿಗೆ ಆಗಲೇ ಅನುಮಾನ ಬರಬೇಕಿತ್ತು.

ಆರು ವರ್ಷದಿಂದ ಅವರ ಕೆಲಸ 'ಸದ್ಯಕ್ಕೆ' ಎಂಬ ಪದದ ಮೇಲೆ ಕುಳಿತಿತ್ತು. ಶಾಲಾ ಮಂಡಳಿಯ ಅಧ್ಯಕ್ಷರು ಪಾಠ ನೋಡಿ, ಖಾಯಮ್ಮೋ ಮನೆಗೋ ಎಂದು ತೀರ್ಮಾನಿಸುವುದು ಇವತ್ತು.

ಗೇಟಿನಲ್ಲೇ ಬಸ್ ಡ್ರೈವರ್ ಹಿಡಿದ. "ಏನ್ ಸಾರ್, ಎಲ್ಲಾ ಹತ್ತಿದ್ರಾ ಅಂದ್ರೆ ಐದನೇ ಕ್ಲಾಸಿನ ಒಬ್ರೂ ಬಾಯಿ ಬಿಡಲ್ಲ! ಮೂರು ಸಲ ಎದ್ದು ತಲೆ ಎಣಿಸಿದೆ."

ಸ್ಟಾಫ್ ರೂಮಿನಲ್ಲಿ ಗಣಿತದ ಮೇಷ್ಟ್ರು ಕುದಿಯುತ್ತಿದ್ದರು. "ಏಳೆಂಟಲಿ ಎಷ್ಟು ಅಂದೆ. ಮೂವತ್ತು ಜನ ಹೊಲಿದಿಟ್ಟ ಚೀಲದ ಹಾಗೆ ಕೂತಿದ್ರು. ಕೊನೆಗೆ ಐವತ್ತಾರು ಅಂತ ನಾನೇ ಒಪ್ಪಿಸಿದೆ."

"ಒಂದು ಬೊಂಜೂರ್ ಅಂದುಬಿಡಿ ಸಾರ್."

"ಇಪ್ಪತ್ತೆರಡು ವರ್ಷ ಸರ್ವಿಸ್ ಆದಮೇಲೆ, ಚಿಳ್ಳೆಪಿಳ್ಳೆಗಳಿಗೆ ನಾನು ಮೊದಲು ಹೇಳಬೇಕಾ?"

ಮೇಷ್ಟ್ರು ತರಗತಿಗೆ ಓಡಿದರು. "ಅದು ಫ್ರಾನ್ಸಿನಲ್ಲಿ, ಇಲ್ಲಲ್ಲ! ತಿಳೀತಾ?"

ಯಾರೂ ಉಸಿರೆತ್ತಲಿಲ್ಲ. ಅವಸರದಲ್ಲಿ ಮೇಷ್ಟ್ರೇ ಬೊಂಜೂರ್ ಮರೆತಿದ್ದರು.

ಅಷ್ಟರಲ್ಲಿ ಹೆಡ್‌ಮೇಡಂ ಜೊತೆ ಅಧ್ಯಕ್ಷರು ಒಳಗೆ ಬಂದರು. "ಏನ್ರೋ, ಫ್ರೆಂಚ್ ಎಷ್ಟು ಕಲಿತ್ರಿ?"

ಮೌನ. ಹಿಂದಿನಿಂದ ಮೇಷ್ಟ್ರು ದಡಕ್ಕೆ ಬಿದ್ದ ಮೀನಿನಂತೆ 'ಬೊಂ, ಬೊಂ' ಎಂದು ಬಾಯಿ ಆಡಿಸಿದರು. ಅಧ್ಯಕ್ಷರು ತಿರುಗಿಯೂ ನೋಡಲಿಲ್ಲ.

"ಸಂಜೆ ನನ್ನನ್ನ ಕಾಣಿ," ಎಂದು ಹೊರಟರು.

ಸಂಜೆ ಮೇಷ್ಟ್ರು ತಮ್ಮ ಲೋಟ, ಕೊಡೆ ಎರಡನ್ನೂ ಚೀಲಕ್ಕೆ ಹಾಕಿಕೊಂಡೇ ಹೋದರು.

"ಮೂವತ್ತು ಮಕ್ಕಳು, ಪಿಟ್ ಅನ್ನಲಿಲ್ಲವಲ್ರೀ!" ಅಧ್ಯಕ್ಷರ ಮುಖ ಅರಳಿತ್ತು. "ಇಂಥ ಶಿಸ್ತು ನಾನು ಕಂಡೇ ಇಲ್ಲ. ನಿಮ್ಮನ್ನ ಖಾಯಂ ಮಾಡಿದೀವಿ. ಈಗಿಂದಲೇ ಇಡೀ ಶಾಲೆಗೆ ಶಿಸ್ತಿನ ಮೇಷ್ಟ್ರು ನೀವೇ."

"ಮತ್ತೆ ಫ್ರೆಂಚು, ಸಾರ್?"

"ಅದನ್ನ ತೆಗೆದುಬಿಟ್ವಿ. ಒಂದಕ್ಷರಾನೂ ಬಂದಿಲ್ಲವಲ್ಲ ಮಕ್ಕಳಿಗೆ."

ಮೇಷ್ಟ್ರು ಅಂಗಳಕ್ಕಿಳಿದರು. ಹೊರಟಿದ್ದ ಬಸ್ಸಿನ ಕಿಟಕಿಗಳಿಂದ ಮೂವತ್ತು ತಲೆಗಳು ಒಟ್ಟಿಗೆ ಕೂಗಿದವು: "ಬೊಂಜೂರ್, ಸಾರ್!"

ಒಂದೂ ತಪ್ಪಿಲ್ಲದ ಉಚ್ಚಾರಣೆ. ಮೇಷ್ಟ್ರ ಕೈ ಅರ್ಧ ಮೇಲೆದ್ದಿತು.

"ಸಾರ್, ಗಲಾಟೆ," ಎಂದರು ಹಿಂದೆ ನಿಂತಿದ್ದ ಹೆಡ್‌ಮೇಡಂ.

ಮೇಷ್ಟ್ರು ಎತ್ತಿದ ಕೈಯನ್ನು ಬಾಯಿಗೆ ತಂದು, ತುಟಿಯ ಮೇಲೆ ಬೆರಳಿಟ್ಟರು.