ಪಂಪು ಯಾರ ಬೆನ್ನಿಗೆ?

ಸೈಕಲ್ ಹತ್ತಿದವನಿಗೆ ವಾರಕ್ಕೊಂದಾದರೂ ಏನಾದರೂ ಆಗಿಯೇ ಆಗುತ್ತದೆ. ಕಾರಿನಲ್ಲಿ ಇಪ್ಪತ್ತು ವರ್ಷ ಓಡಾಡಿದೆ, ನಾಲ್ಕು ಜನಕ್ಕೆ ಹೇಳಿಕೊಳ್ಳುವಂಥದ್ದು ಒಂದೂ ಆಗಲಿಲ್ಲ. ಸೈಕಲ್ ಕೊಂಡ ಮೂರನೇ ದಿನಕ್ಕೇ ಎದುರುಮನೆಯವರು ಎಳನೀರು ಹಿಡಿದುಕೊಂಡು ನನ್ನನ್ನು ನೋಡಲು ಬಂದರು. ಅದನ್ನು ಹೇಳುತ್ತೇನೆ, ಮೊದಲು ಪಂಪಿನ ವಿಷಯ ಹೇಳಿಬಿಡಬೇಕು.

ನಾನು ಬಸವೇಶ್ವರನಗರದ ನಿವಾಸಿ, ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರದ ಮೇಷ್ಟ್ರು, ವಯಸ್ಸು ಐವತ್ತೆರಡು. ಭಾನುವಾರ ಬೆಳಿಗ್ಗೆ ನಾವು ನಾಲ್ಕು ಜನ ಕೆಂಗೇರಿಯವರೆಗೆ ಸೈಕಲ್ ತುಳಿದು, ಅಲ್ಲಿ ಒಂದು ಟೀ ಅಂಗಡಿಯಲ್ಲಿ ಕೂತು, ಹಿಂದಿರುಗುತ್ತೇವೆ. ನಮ್ಮ ಕ್ಯಾಪ್ಟನ್ ರಿಟೈರಾದ ಬಸ್ ಕಂಡಕ್ಟರ್. ಇವತ್ತಿಗೂ ಅವರ ಕತ್ತಿನಲ್ಲಿ ಸೀಟಿ ಇರುತ್ತದೆ. ಒಂದು ಸೀಟಿಗೆ ನಿಲ್ಲಬೇಕು, ಎರಡಕ್ಕೆ ಹೊರಡಬೇಕು. ಇನ್ನಿಬ್ಬರಲ್ಲಿ ಒಬ್ಬರು ಮಾರೇನಹಳ್ಳಿಯ ಹಾರ್ಡ್‌ವೇರ್ ಅಂಗಡಿಯವರು, ಮತ್ತೊಬ್ಬರು ನಂದಿನಿ ಲೇಔಟ್‌ನ ಹಲ್ಲಿನ ಡಾಕ್ಟರಮ್ಮ.

ನಮ್ಮ ಗ್ರೂಪಿಗೆ ಒಂದು ಪಂಪು ಇದೆ. ಮರದ ಹಿಡಿ, ಕಬ್ಬಿಣದ ಪಾದ, ನಿಂತು ಎರಡೂ ಕೈಯಲ್ಲಿ ಒತ್ತುವ ಹಳೇ ಕಾಲದ್ದು. ತೂಕ ಸುಮಾರು ಐದು ಕೆಜಿ. ಜೇಬಿನಲ್ಲಿ ಇಟ್ಟುಕೊಳ್ಳುವ ಹೊಸ ಪಂಪುಗಳನ್ನು ಕ್ಯಾಪ್ಟನ್ ನಂಬುವುದಿಲ್ಲ. ಹಾಗಾಗಿ ಪ್ರತಿ ಭಾನುವಾರ ಯಾರಾದರೊಬ್ಬರು ಅದನ್ನು ಬೆನ್ನಿಗೆ ಕಟ್ಟಿಕೊಂಡು ತುಳಿಯಬೇಕು. ಯಾರು ಎನ್ನುವುದಕ್ಕೆ ಒಂದು ನಿಯಮವಿದೆ. ಟೀ ಕುಡಿಯುವಾಗ ಪ್ರತಿಯೊಬ್ಬರೂ ಆ ವಾರ ಸೈಕಲ್ ಮೇಲೆ ತಮಗಾದ ಅವಮಾನ ಒಂದನ್ನು ಹೇಳಬೇಕು. ಹೇಳಲು ಏನೂ ಇಲ್ಲದವರಿಗೆ ಮುಂದಿನ ವಾರ ಪಂಪು. ಆದದ್ದನ್ನು ಮುಚ್ಚಿಟ್ಟು, ಅದು ಬೇರೆಯವರ ಬಾಯಿಂದ ಹೊರಬಿದ್ದರೂ ಪಂಪು.

ಇದು ಟೀ ಅಂಗಡಿಯ ನಿಯಮವಾಯಿತು. ಮನೆಯದ್ದು ಬೇರೆ ಇತ್ತು.

ಕ್ಯಾಪ್ಟನ್ ಮಾರ್ಚ್ ಕೊನೆಗೆ ಮಂಚನಬೆಲೆಗೆ ಹೋಗೋಣ ಎಂದಿದ್ದರು. ಕೆಂಗೇರಿ, ದೊಡ್ಡಾಲದ ಮರ ದಾಟಿ ಹೋದರೆ ಆ ಜಲಾಶಯ. ನಾನು ಬದುಕಿನಲ್ಲಿ ಬೇಕು ಬೇಕು ಅಂದವನಲ್ಲ. ಕೊಟ್ಟ ಟೈಮ್‌ಟೇಬಲ್ ಪ್ರಕಾರ ಪಾಠ ಮಾಡಿದವನು. ಆದರೆ ಆ ನೀರನ್ನು ನನ್ನ ಕಾಲ ಮೇಲೇ ಹೋಗಿ ನೋಡಬೇಕು ಎಂಬ ಆಸೆ ಮಾತ್ರ ಬಲವಾಗಿ ಹಿಡಿದುಬಿಟ್ಟಿತು. ಮನೆಯಲ್ಲಿ ಹೇಳಿದೆ. ನನ್ನ ಹೆಂಡತಿ ಪ್ರೈಮರಿ ಶಾಲೆಯ ಹೆಡ್‌ಮೇಡಂ. "ಮೂರು ತಿಂಗಳು ಒಂದ್ಸಲಾನೂ ಬೀಳದೆ, ಏನೂ ಅವಾಂತರ ಮಾಡ್ಕೊಳ್ದೆ ಓಡ್ಸಿ ತೋರ್ಸಿ. ಆಮೇಲೆ ಮಂಚನಬೆಲೆ ಮಾತು," ಅಂದಳು.

ಅಲ್ಲಿ ಹೇಳದಿದ್ದರೆ ಪಂಪು, ಇಲ್ಲಿ ಹೇಳಿದರೆ ಮಂಚನಬೆಲೆ ಇಲ್ಲ. ಮೂರು ತಿಂಗಳು ನಾನು ಹೀಗೆ ಬದುಕಿದೆ.

ಎಳನೀರು

ಇದು ಷರತ್ತಿಗೆ ಮುಂಚಿನದು. ಸೈಕಲ್ ಮಾರಿದ ಅಂಗಡಿಯವನು, ಕೂರುವ ಜಾಗಕ್ಕೆ ದಪ್ಪ ಮೆತ್ತೆ ಹೊಲಿದಿರುವ ಚಡ್ಡಿ ಎರಡನ್ನು ಕೊಳ್ಳಲೇಬೇಕು ಎಂದ. ಕೊಂಡೆ. ಒಗೆದು, ಬೇಗ ಒಣಗಲಿ ಎಂದು ಒಳಮೈ ಹೊರಗೆ ಮಾಡಿ, ರಸ್ತೆ ಕಡೆಯ ಬಾಲ್ಕನಿಯಲ್ಲಿ ಹರವಿದೆ. ಬಿಳೀ ಮೆತ್ತೆಗಳು ಇಡೀ ಬೀದಿಗೆ ಕಾಣುತ್ತಿದ್ದವು.

ಸಂಜೆ ಎದುರುಮನೆ ಆಂಟಿ ಎರಡು ಎಳನೀರು ಹಿಡಿದುಕೊಂಡು ಬಂದರು. ನನ್ನನ್ನು ಕಂಡು, "ಏಳ್ಬೇಡಿ ಏಳ್ಬೇಡಿ, ಕೂತ್ಕೊಳ್ಳಿ," ಅಂದರು. ನಾನು ಕೂತೇ ಇದ್ದೆ. ಸ್ವಲ್ಪ ಹೊತ್ತು ಅದೂ ಇದೂ ಮಾತಾಡಿ, ನನ್ನ ಹೆಂಡತಿಯ ಕಡೆ ಬಗ್ಗಿ ದನಿ ಇಳಿಸಿ ಕೇಳಿದರು, "ಎಷ್ಟು ದಿನದಿಂದಮ್ಮಾ ಯಜಮಾನ್ರಿಗೆ ಕಂಟ್ರೋಲ್ ಇಲ್ಲ?"

ನನ್ನ ಹೆಂಡತಿ ಬಾಲ್ಕನಿ ಕಡೆ ಒಮ್ಮೆ ನೋಡಿದಳು. ಮುಖದಲ್ಲಿ ಒಂದು ಗೆರೆಯೂ ಅಲ್ಲಾಡಲಿಲ್ಲ.

"ಸೈಕಲ್ ತಗೊಂಡಾಗಿನಿಂದ, ಆಂಟಿ," ಅಂದಳು.

ಹಳದಿ ಜಾಕೆಟ್

ಕತ್ತಲಲ್ಲಿ ಲಾರಿಯವರಿಗೆ ಕಾಣಲಿ ಎಂದು ಮಿಣಮಿಣ ಪಟ್ಟಿ ಇರುವ ಹಳದಿ ಜಾಕೆಟ್ ತೆಗೆದುಕೊಂಡಿದ್ದೆ. ಒಂದು ದಿನ ರಾಜಾಜಿನಗರದ ಒಂದು ಜಂಕ್ಷನ್ನಿನಲ್ಲಿ ಸಿಗ್ನಲ್ ಕೆಟ್ಟಿತ್ತು. ನಾನು ಸೈಕಲನ್ನು ಕಂಬಕ್ಕೆ ಒರಗಿಸಿ, ನೀರು ಕುಡಿಯೋಣ ಎಂದು ಬಾಟಲಿ ಎತ್ತಿದೆ. ಎಡಗಡೆಯ ವಾಹನಗಳೆಲ್ಲ ಗಕ್ಕನೆ ನಿಂತವು.

ನನಗೇ ಗಾಬರಿಯಾಯಿತು. ಬಾಟಲಿ ಇಳಿಸಿದೆ, ಹೊರಟವು. ಒಬ್ಬ ಆಟೋದವನು ತಲೆ ಹೊರಗೆ ಹಾಕಿ, "ಸಾರ್, ಆ ಕಡೆಯವ್ರನ್ನೇ ಬಿಡ್ತಿದೀರಲ್ಲ, ನಾವೇನ್ ಪಾಪ ಮಾಡಿದ್ವಿ?" ಅಂತ ರೇಗಿದ. ಮೂವತ್ತು ವರ್ಷ ಮೇಷ್ಟ್ರಾಗಿದ್ದವನಿಗೆ, ಅನ್ಯಾಯವಾಯಿತು ಎಂದು ಯಾರಾದರೂ ದೂರು ಕೊಟ್ಟರೆ ಸುಮ್ಮನಿರಲು ಆಗುವುದಿಲ್ಲ. ಆ ಕಡೆಯವರನ್ನು ನಿಲ್ಲಿಸಿ ಇವರನ್ನು ಬಿಟ್ಟೆ. ಆಮೇಲೆ ಬಲಗಡೆಯವರು ಹಾರ್ನ್ ಹೊಡೆದರು. ಹೀಗೆ ಇಪ್ಪತ್ತು ನಿಮಿಷ ನಡೆಯಿತು. ಒಂದು ನೀರಿನ ಟ್ಯಾಂಕರ್ ರಿವರ್ಸ್ ತೆಗೆಯುವುದನ್ನೂ ನಾನೇ ನೋಡಿಕೊಂಡೆ.

ಅಷ್ಟರಲ್ಲಿ ನಿಜವಾದ ಟ್ರಾಫಿಕ್ ಪೊಲೀಸರು ಬೈಕಿನಲ್ಲಿ ಬಂದರು. ಇವತ್ತು ಮುಗಿಯಿತು ಕಥೆ ಎಂದುಕೊಂಡು ನಾನು ಸೈಕಲ್ ಕಡೆ ಜಾರಿಕೊಳ್ಳುತ್ತಿದ್ದೆ. ಅವರು ಹೆಲ್ಮೆಟ್ ತೆಗೆಯುತ್ತಾ, "ನೀವು ಹೋಗಿ ಟೀ ಕುಡ್ಕೊಂಡ್ ಬನ್ನಿ ಸಾರ್. ಅಲ್ಲೀವರ್ಗೂ ನಾನ್ ನೋಡ್ಕೋತಿರ್ತೀನಿ," ಅಂದರು.

ಸ್ಪೀಡು

ಹಾರ್ಡ್‌ವೇರ್ ಅಂಗಡಿಯವರ ಮಾತು ಕೇಳಿ, ಪೆಡಲ್ಲಿಗೆ ಕಚ್ಚಿಕೊಳ್ಳುವ ಶೂ ಕೊಂಡೆ. ನಿಲ್ಲಿಸುವ ಮುಂಚೆ ಹಿಮ್ಮಡಿಯನ್ನು ಹೊರಗೆ ತಿರುಗಿಸಿದರೆ ಕಾಲು ಬಿಡುಗಡೆಯಾಗುತ್ತದೆ. ವಿಜಯನಗರದ ಸಿಗ್ನಲ್ಲಿನಲ್ಲಿ ಚೆನ್ನಾಗಿಯೇ ಬ್ರೇಕ್ ಹಾಕಿದೆ. ಹಿಮ್ಮಡಿ ಮರೆತುಹೋಯಿತು. ಗುರುತ್ವ ಕೇಂದ್ರ ನನ್ನ ಕಣ್ಣೆದುರೇ ಪಾದದ ಆಚೆ ಹೋಯಿತು. ತರಗತಿಯಲ್ಲಿ ನೂರು ಸಲ ಬೋರ್ಡಿನ ಮೇಲೆ ಬರೆದದ್ದನ್ನು ಅಂದು ನಿಧಾನವಾಗಿ ಅನುಭವಿಸುತ್ತಾ ಬಲಗಡೆಗೆ ಮಲಗಿದೆ.

ಪಕ್ಕದಲ್ಲಿ ಒಬ್ಬ ಡೆಲಿವರಿಯವನು ಬೈಕ್ ನಿಲ್ಲಿಸಿಕೊಂಡಿದ್ದ. ಮಾತು ಕೇಳಿದರೆ ಧಾರವಾಡದ ಕಡೆಯವನು. ಇಳಿದು ಬಂದ.

"ಏಳ್ರಿ ಸರ."

"ಏಳೋಕಾಗ್ತಿಲ್ಲಪ್ಪ. ಕಾಲು ಪೆಡಲ್‌ಗೆ ಅಂಟ್ಕೊಂಡಿದೆ."

"ಯಾರ್ರೀ ಅಂಟಿಸಿದವ್ರು?"

"ನಾನೇ."

"ಯಾಕ್ರೀ?"

"ಸ್ಪೀಡು ಬರ್ಲಿ ಅಂತ."

ಅವನು ರಸ್ತೆಯ ಮೇಲೆ ಮಲಗಿದ್ದ ನನ್ನನ್ನೂ, ನನ್ನ ಕಾಲಿಗೆ ಕಚ್ಚಿಕೊಂಡು ಜೊತೆಗೇ ಮಲಗಿದ್ದ ಸೈಕಲನ್ನೂ ಸಾವಕಾಶವಾಗಿ ನೋಡಿ ಕೇಳಿದ.

"ಬಂತೇನ್ರೀ?"

ಮೊಣಕೈ ತರಚಿತ್ತು. ಮನೆಯಲ್ಲಿ ಒಂದು ವಾರ ಫುಲ್ ತೋಳಿನ ಶರಟಿನಲ್ಲೇ ಓಡಾಡಿದೆ. "ಈ ಬಿಸ್ಲಲ್ಲಿ ಯಾಕ್ರೀ?" ಅಂತ ನನ್ನ ಹೆಂಡತಿ ಕೇಳಿದ್ದಕ್ಕೆ, ಕಾಲೇಜಿನಲ್ಲಿ ಹೊಸ ರೂಲ್ಸು ಅಂದೆ. ಅವಳು ಹೂಂ ಅಂದಳು. ಮರುದಿನ ಬಾತ್‌ರೂಮಿನ ಗೂಡಿನಲ್ಲಿ ಗಾಯಕ್ಕೆ ಹಚ್ಚುವ ಮುಲಾಮಿನ ಹೊಸ ಟ್ಯೂಬ್ ಇತ್ತು. ಅದೃಷ್ಟ ಚೆನ್ನಾಗಿದೆ ಎಂದುಕೊಂಡು, ಯಾರಿಗೂ ಕಾಣದ ಹಾಗೆ ದಿನಾ ಹಚ್ಚಿಕೊಂಡೆ.

ಗೂಡ್ಸ್ ಆಟೋದ ಮೇಡಂ

ನನ್ನ ಫೋನಿನಲ್ಲಿ ಒಂದು ಆ್ಯಪ್ ಇದೆ. ಸೈಕಲ್ಲಿನ ವೇಗ ಅಳೆದು, ಒಬ್ಬ ಹೆಂಗಸಿನ ದನಿಯಲ್ಲಿ ಇಂಗ್ಲಿಷಿನಲ್ಲಿ ಹುರಿದುಂಬಿಸುತ್ತದೆ. ಒಂದು ದಿನ ಒಬ್ಬನೇ ಕೆಂಗೇರಿಗೆ ಹೋಗಿದ್ದಾಗ ಟೈರ್ ಪಂಕ್ಚರ್ ಆಯಿತು. ಸೈಕಲನ್ನು ಒಂದು ಗೂಡ್ಸ್ ಆಟೋಗೆ ಏರಿಸಿ, ಡ್ರೈವರ್ ಪಕ್ಕ ಕೂತೆ. ಆ್ಯಪ್ ನಿಲ್ಲಿಸುವುದು ಮರೆತುಹೋಯಿತು.

ಮೈಸೂರು ರಸ್ತೆಗೆ ಬರುತ್ತಲೇ ನನ್ನ ಜೇಬು ಮಾತಾಡಿತು. ಬಹಳ ಚೆನ್ನಾಗಿ ಹೋಗುತ್ತಿದ್ದೀರಿ, ಹೀಗೇ ಮುಂದುವರಿಯಿರಿ ಎಂದಿತು. ಡ್ರೈವರ್ ನೆಟ್ಟಗೆ ಕೂತ. ಮುಂದೆ ಟ್ರಾಫಿಕ್ಕಿನಲ್ಲಿ ನಿಧಾನವಾದಾಗ ಮತ್ತೆ ದನಿ ಬಂತು. ಸೋಲಬೇಡಿ, ನಿಮ್ಮಿಂದ ಆಗುತ್ತದೆ, ಇನ್ನೂ ಫಾಸ್ಟ್.

"ಮೇಡಂ ಫಾಸ್ಟ್ ಅಂತಾವ್ರೆ," ಅಂದವನೇ ಒಂದು ಬಸ್ಸನ್ನು ಎಡಗಡೆಯಿಂದ ಹಿಂದೆ ಹಾಕಿದ. ನಾನು ಎರಡೂ ಕೈಯಲ್ಲಿ ಕಂಬಿ ಹಿಡಿದುಕೊಂಡಿದ್ದೆ, ಫೋನ್ ತೆಗೆಯುವುದು ಹೇಗೆ? ಪ್ರತಿ ಹೊಗಳಿಕೆಗೂ ಅವನು ಆ್ಯಕ್ಸಿಲರೇಟರ್ ಒತ್ತುತ್ತಿದ್ದ. ಮನೆ ಹತ್ತಿರ ಇಳಿದ ಮೇಲೆ ವಿಚಾರಿಸಿದ.

"ಫೋನಲ್ಲಿ ನಿಮ್ ಮನೆಯವ್ರಾ ಸಾರ್?"

"ಅಲ್ಲಪ್ಪ."

"ಅಂದ್ಕೊಂಡೆ ಸಾರ್," ಅಂದ. "ಮನೆಯವ್ರಾಗಿದ್ರೆ ಇಷ್ಟು ಹೊಗಳ್ತಿರ್ಲಿಲ್ಲ."

ಆ ಭಾನುವಾರ ಟೀ ಅಂಗಡಿಗೆ ಹೋಗುವಷ್ಟರಲ್ಲಿ, ಆ್ಯಪ್‌ನಲ್ಲಿ ನಾನು ಮೈಸೂರು ರಸ್ತೆಯ ಅತಿವೇಗದ ಸೈಕಲ್ ಸವಾರ ಎಂದು ಬಂದಿತ್ತು. ಕ್ಯಾಪ್ಟನ್ ಎದ್ದು ನಿಂತು ಕೈ ಕುಲುಕಿದರು. ಚಾಂಪಿಯನ್ ಆಗಿ ಪಂಪು ಹೊರಬೇಕೋ, ನಿಜ ಹೇಳಿ ಹಗುರವಾಗಿ ಹೋಗಬೇಕೋ ಎಂದು ಅರ್ಧ ಟೀ ಮುಗಿಯುವವರೆಗೆ ಯೋಚಿಸಿ, ನಿಜ ಹೇಳಿದೆ.

ಕ್ಯಾಪ್ಟನ್ ಮನೆಗೆ ಬಂದದ್ದು

ಮೂರು ತಿಂಗಳು ಮುಗಿಯಿತು. ಮನೆಯ ಲೆಕ್ಕದಲ್ಲಿ ನಾನು ಒಮ್ಮೆಯೂ ಬಿದ್ದಿರಲಿಲ್ಲ. "ಸರಿ, ಯಾರ ಜೊತೆ ಹೋಗ್ತೀರೋ ಅವ್ರನ್ನ ಒಂದ್ಸಲ ಮನೆಗೆ ಕರೀರಿ, ನೋಡ್ತೀನಿ," ಅಂದಳು ಹೆಂಡತಿ. ಶನಿವಾರ ಸಂಜೆ ಮೂವರೂ ಬಂದರು. ಕೇಸರಿಬಾತ್ ಆಯಿತು. ನನ್ನ ಕಡೆಗೆ ನಾಲ್ಕು ಒಳ್ಳೆಯ ಮಾತಾಡಬೇಕೆಂದು ಕ್ಯಾಪ್ಟನ್ ಗಂಟಲು ಸರಿಮಾಡಿಕೊಂಡರು.

"ಮೇಡಂ, ನಮ್ ಗ್ರೂಪಲ್ಲಿ ಮೇಷ್ಟ್ರಂಥೋರು ಇನ್ನೊಬ್ರಿಲ್ಲ. ಮೂರು ತಿಂಗ್ಳಲ್ಲಿ ಒಂದು ವಾರಾನೂ ಪಂಪು ಹೊತ್ತಿಲ್ಲ ಅವ್ರು."

"ಪಂಪು ಹೊರೋದು ಅಂದ್ರೆ?"

ನಾನು ಕಣ್ಣು ಮಿಟುಕಿಸಿದೆ, ಕೆಮ್ಮಿದೆ. ಡಾಕ್ಟರಮ್ಮ ನನಗೆ ನೀರು ಕೊಟ್ಟರು. ಕ್ಯಾಪ್ಟನ್ ಇಡೀ ನಿಯಮವನ್ನು ವಿವರಿಸಿದರು. ಆಮೇಲೆ ನನ್ನ ಸಾಧನೆಗಳನ್ನು ಬೆರಳು ಮಡಚಿ ಎಣಿಸಿದರು. ಟ್ರಾಫಿಕ್ ನಿಲ್ಲಿಸಿದ್ದು, ವಿಜಯನಗರದಲ್ಲಿ ಮಲಗಿದ್ದು, ಮೂಡಲಪಾಳ್ಯದಲ್ಲಿ ಅಗೆದ ಗುಂಡಿಗೆ ಇಳಿದದ್ದು, ಗೂಡ್ಸ್ ಆಟೋದಲ್ಲಿ ಚಾಂಪಿಯನ್ ಆದದ್ದು. ಒಂದೊಂದು ಬೆರಳು ಮಡಚಿದಾಗಲೂ ಮಂಚನಬೆಲೆ ನನ್ನಿಂದ ಇಷ್ಟಿಷ್ಟೇ ದೂರ ಹೋಗುತ್ತಿತ್ತು. ನಾನು ತಟ್ಟೆಯಲ್ಲಿದ್ದ ದ್ರಾಕ್ಷಿಯನ್ನು ನೋಡುತ್ತಾ ಕೂತೆ.

"ಗೊತ್ತು," ಅಂದಳು ಹೆಂಡತಿ. "ವಿಜಯನಗರದಲ್ಲಿ ಬಿದ್ದಾಗ ಎದುರುಮನೆ ಆಂಟಿ ಹಿಂದಿನ ಆಟೋದಲ್ಲೇ ಇದ್ರು. ಆ ಟ್ಯೂಬ್ ತಾನಾಗೇ ನಡ್ಕೊಂಡ್ ಬಂತು ಅಂದ್ಕೊಂಡ್ರೇನ್ರಿ?"

ನಾನು ಮೊಣಕೈಯನ್ನು ಮುಚ್ಚಿಕೊಂಡೆ.

"ಆದ್ರೆ ನಿಮ್ ಲಿಸ್ಟಲ್ಲಿ ಒಂದು ಬಿಟ್ಟೋಗಿದೆ, ಕ್ಯಾಪ್ಟನ್," ಅಂದಳು. "ಜನವರಿ ತಿಂಗ್ಳು. ನಂಗೆ ನೆಗಡಿ. ಇವ್ರ ಹಳೇ ಮಂಕಿ ಕ್ಯಾಪ್ ಹಾಕ್ಕೊಂಡು, ಶಾಲು ಹೊದ್ಕೊಂಡು ಹಾಲು ತರಕ್ಕೆ ಹೋಗಿದ್ದೆ. ಫುಟ್‌ಪಾತ್ ಅಗೆದು ಹಾಕಿದ್ರು, ರಸ್ತೇಲೇ ನಡೀತಿದ್ದೆ. ಹಿಂದಿನಿಂದ ಟ್ರಿಣ್ ಟ್ರಿಣ್ ಅಂತ ಬೆಲ್ಲು. 'ಆಂಟಿ! ಸೈಡಿಗೆ ಬನ್ನಿ ಆಂಟಿ!' ಅಂತ ಕೂಗು. ದನಿ ಎಲ್ಲೋ ಕೇಳಿದ ಹಾಗಿದ್ಯಲ್ಲ ಅಂತ ತಿರುಗೋಷ್ಟರಲ್ಲಿ ಇವ್ರು ಪಕ್ಕದಲ್ಲೇ ಹಾದುಹೋದ್ರು. ಹೋಗ್ತಾ ಏನಂದ್ರು ಗೊತ್ತಾ? 'ರೋಡೇನು ನಿಮ್ ಯಜಮಾನ್ರದ್ದಾ?'"

ಹಾರ್ಡ್‌ವೇರ್ ಅಂಗಡಿಯವರಿಗೆ ಕೇಸರಿಬಾತ್ ನೆತ್ತಿಗೇರಿತು. ಡಾಕ್ಟರಮ್ಮ ಸೆರಗು ಬಾಯಿಗೆ ಒತ್ತಿಕೊಂಡರು. ಆ ಮಂಕಿ ಕ್ಯಾಪನ್ನು ಎಲ್ಲೋ ನೋಡಿದ್ದೀನಲ್ಲ ಎಂದು ಅವತ್ತು ನನಗೆ ಅನ್ನಿಸಿದ್ದು ಮಾತ್ರ ನಿಜ.

ಕ್ಯಾಪ್ಟನ್ ಒಂದು ಸೀಟಿ ಊದಿದರು. ಎಲ್ಲರೂ ನಗು ನಿಲ್ಲಿಸಿದರು.

"ಮೇಷ್ಟ್ರೇ, ಇದನ್ನ ನೀವು ಹೇಳ್ಲಿಲ್ಲ."

"ಯಾರೋ ಆಂಟಿ ಅಂತ ಮರ್ತೇಬಿಟ್ಟಿದ್ದೆ, ಕ್ಯಾಪ್ಟನ್."

"ಟಿಕೆಟ್ ತಗೊಳ್ಳೋದು ಮರ್ತೆ ಅಂದ್ರೆ ಫೈನ್ ಬಿಟ್ಬಿಡ್ತೀವಾ? ಮಂಚನಬೆಲೆಗೆ ಪಂಪು ನಿಮ್ಮದು."

"ಮಂಚನಬೆಲೇನಾ?" ನಾನು ಹೆಂಡತಿಯ ಮುಖ ನೋಡಿದೆ.

"ಐದು ಕೆಜಿ ಬೆನ್ನ ಮೇಲಿದ್ರೆ ಹೋಗ್ಲಿ," ಅಂದಳು. "ಸ್ಪೀಡು ಬರಲ್ಲ."

ಅವರೆಲ್ಲ ಹೋದ ಮೇಲೆ ತಟ್ಟೆಗಳನ್ನು ಎತ್ತುತ್ತಾ ಕೇಳಿದೆ, "ಬಿದ್ದದ್ದೆಲ್ಲ ಗೊತ್ತಿದ್ದೂ ಯಾಕೆ ಸುಮ್ಮನಿದ್ದೆ?"

"ಬಿದ್ದ ದಿನಾನೇ ನೀವು ಜಾಸ್ತಿ ಖುಷಿಯಾಗಿ ಮನೆಗೆ ಬರ್ತಿದ್ರಿ," ಅಂದಳು. "ಅಷ್ಟು ಖುಷಿಯಾಗಿ ನಿಮ್ಮನ್ನ ನೋಡಿ ಎಷ್ಟೋ ವರ್ಷ ಆಗಿತ್ತು."

ನಾನು ತಟ್ಟೆಗಳನ್ನು ಒಳಗೆ ಒಯ್ದು, ಒಂದೊಂದನ್ನೂ ಎರಡೆರಡು ಸಲ ತೊಳೆದೆ.

ಭಾನುವಾರ ಬೆಳಿಗ್ಗೆ ಗೇಟಿನ ಹತ್ತಿರ ಮೂವರೂ ಕಾಯುತ್ತಿದ್ದರು. ನನ್ನ ಹೆಂಡತಿ ತಾನೇ ಪಂಪನ್ನು ನನ್ನ ಬೆನ್ನಿಗೆ, ಹಳೇ ಕಾಟನ್ ಸೀರೆಯ ಅಂಚಿನಿಂದ ಬಿಗಿಯಾಗಿ ಕಟ್ಟಿದಳು. ಮುಲಾಮಿನ ಟ್ಯೂಬನ್ನು ಜೇಬಿಗೆ ಹಾಕಿದಳು. ಕ್ಯಾಪ್ಟನ್ ಎರಡು ಸೀಟಿ ಊದಿದರು. ನಾನು ಕಾಲು ಎತ್ತಿ ಪೆಡಲ್ಲಿಗೆ ಇಟ್ಟೆ.

"ಹುಷಾರು, ಅಂಕಲ್," ಅಂದಳು ಹಿಂದಿನಿಂದ. "ರೋಡು ನಿಮ್ಮದೇ."