ಎರಡು ಕಿವಿಗೆ ಮೂರು ಇಯರ್‌ಫೋನ್

ಕೊಟ್ಟೂರಿನಿಂದ ಹಗರಿಬೊಮ್ಮನಹಳ್ಳಿಗೆ ದಿನಾ ಬಸ್ಸಿನಲ್ಲಿ ಹೋಗಿ, ಅಲ್ಲಿನ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುವವನು ನಾನು. ಶಬ್ದ ಎಂದರೇನು, ಅದು ಗಾಳಿಯಲ್ಲಿ ಹೇಗೆ ಸಾಗುತ್ತದೆ, ಕಿವಿಯ ತಮಟೆಯನ್ನು ಹೇಗೆ ತಟ್ಟುತ್ತದೆ ಎಂದು ಬೋರ್ಡಿನ ಮೇಲೆ ಚಿತ್ರ ಬರೆದು ವಿವರಿಸುತ್ತ ತಲೆಗೂದಲು ಬೆಳ್ಳಗಾಗಿದೆ. ಆದ್ದರಿಂದ ಪ್ರಯಾಣಕ್ಕೊಂದು ಇಯರ್‌ಫೋನ್ ಕೊಳ್ಳಬೇಕೆನಿಸಿದಾಗ, ಈ ಸೀಮೆಯಲ್ಲಿ ಅದನ್ನು ಆರಿಸಲು ನನಗಿಂತ ಅರ್ಹ ಮನುಷ್ಯ ಇಲ್ಲವೆಂದು ಪ್ರಾಮಾಣಿಕವಾಗಿ ನಂಬಿದ್ದೆ.

ಅಗ್ಗದ್ದು ಬೇಡ, ನಾಲ್ಕು ದಿನಕ್ಕೆ ಒಂದು ಕಿವಿ ಸತ್ತುಹೋಗುತ್ತದೆ. ದುಬಾರಿಯದೂ ಬೇಡ, ಹೆಂಡತಿ ನನ್ನನ್ನು ಬದುಕಲು ಬಿಡುವುದಿಲ್ಲ. ನಡುವಿನ ಬೆಲೆಯ ಮೂರನ್ನು ತರಿಸಿದೆ. ಒಂದು ತಂತಿಯದು. ಒಂದು ಕುತ್ತಿಗೆಗೆ ಹಾಕಿಕೊಳ್ಳುವುದು. ಮೂರನೆಯದು ಪುಟ್ಟ ಡಬ್ಬಿಯಲ್ಲಿ ಮಲಗುವ ಎರಡು ಬಿಡಿ ಗುಂಡುಗಳು. ದನಿ, ಹಿತ, ಪ್ರಯಾಣ ಎಂಬ ಮೂರು ಪರೀಕ್ಷೆ ಮಾಡಿ ಗೆದ್ದದ್ದನ್ನು ಇಟ್ಟುಕೊಳ್ಳುವುದು, ಉಳಿದವನ್ನು ವಾಪಸು ಕಳಿಸುವುದು ನನ್ನ ಯೋಜನೆ.

ನನ್ನ ಹೆಂಡತಿ ಸುಮಂಗಲಾ ಮೂರೂ ಪೊಟ್ಟಣಗಳನ್ನು ನೋಡಿದಳು.

“ಕಿವಿ ಎರಡೇ ಅದಾವಲ್ರಿ. ಮೂರು ಯಾಕ?”

“ಇದು ತೌಲನಿಕ ಅಧ್ಯಯನ,” ಎಂದೆ.

“ಹಂಗಂದ್ರ ಮೂರೂ ಕೆಡಸ್ತೀರಿ ಅನ್ರಿ,” ಎಂದು ಒಳಗೆ ಹೋದಳು.

ಮೊದಲು ದನಿಯ ಪರೀಕ್ಷೆ. ತಂತಿಯದರಲ್ಲಿ ತಬಲದ ಒಂದೊಂದು ಪೆಟ್ಟೂ ಬಿಡಿಬಿಡಿಯಾಗಿ ಕೇಳಿತು. ತಲೆದೂಗುತ್ತ ಕೂತಿದ್ದಾಗ ಸುಮಂಗಲಾ ಬಾಗಿಲಲ್ಲಿ ನಿಂತು ಬಾಯಿ ಆಡಿಸಿದ್ದು ಕಂಡಿತು. ಹೂಂ ಎಂದೆ. ಅವಳು ಹೇಳಿದ್ದು ಇಷ್ಟೆಂದು ಆಮೇಲೆ ತಿಳಿಯಿತು: ‘ಪಕ್ಕದ ಮನಿಗೆ ಹೋಗಿ ಬರ್ತೀನಿ, ಇನ್ನೊಂದು ಸೀಟಿ ಹೊಡೆದ ಕೂಡ್ಲೆ ಕುಕ್ಕರ್ ಆರಸ್ರಿ.’ ಅವಳು ಬರುವಷ್ಟರಲ್ಲಿ ಬೇಳೆ ಇದ್ದಿಲಾಗಿತ್ತು. ಹೊರಗಿನ ಸದ್ದು ತಡೆಯುವ ಗುಣಕ್ಕೆ ಆ ಇಯರ್‌ಫೋನಿಗೆ ಪೂರ್ಣ ಅಂಕ ಕೊಟ್ಟೆ.

ಎರಡನೆಯದು ಕಿವಿಗೆ ಬಹಳ ಹಿತವಾಗಿತ್ತು. ಎಷ್ಟು ಹಿತವೆಂದರೆ, ಹಾಕಿಕೊಂಡದ್ದೇ ಮರೆತು ಸ್ನಾನದ ನೀರು ಬಿಸಿಯಾಗಿದೆಯೇ ಎಂದು ಬಕೆಟ್ಟಿನ ಮೇಲೆ ಬಗ್ಗಿದೆ. ಅದು ನನಗಿಂತ ಮೊದಲು ಸ್ನಾನ ಮಾಡಿತು.

ಉಳಿದದ್ದು ಬಿಡಿ ಗುಂಡು. ದನಿ ಚೆನ್ನ, ಆದರೆ ನಡೆದರೆ ಕಿವಿಯಿಂದ ಜಾರುತ್ತಿತ್ತು. ಅದರ ತುದಿಯ ರಬ್ಬರ್ ಟೋಪಿ ನನ್ನ ಕಿವಿಗೆ ಸಣ್ಣದು. ತಂತಿಯದರ ಟೋಪಿ ದಪ್ಪಗಿತ್ತು. ಅದನ್ನು ಕಿತ್ತು ಇದಕ್ಕೆ ತೊಡಿಸಿದೆ.

“ಒಂದರ ಟೊಪ್ಪಿಗಿ ಇನ್ನೊಂದಕ್ಕ ಕೂಡತೈತೇನ್ರಿ?” ಎಂದಳು ಸುಮಂಗಲಾ.

“ಎಲ್ಲಾ ಒಂದೇ ಅಳತೆ,” ಎಂದೆ.

ಒಂದೇ ಅಳತೆಯಲ್ಲ ಎಂದು ತಿಳಿಯಲು ನಾನು ಹಿರೇಹಡಗಲಿಯವರೆಗೆ ಹೋಗಬೇಕಾಯಿತು.

ಹೋಗಿದ್ದು ಸುಮಂಗಲಾಳ ತಂಗಿ ರೇಖಾಳ ಸಲುವಾಗಿ. ಹಿರೇಹಡಗಲಿಯ ಹುಡುಗ ನಾಗರಾಜ, ಹಡಗಲಿಯ ಆಸ್ಪತ್ರೆಯೊಂದರಲ್ಲಿ ನರ್ಸ್. ಹುಡುಗನ ಮನೆಯವರು ಬಂದು ಹುಡುಗಿಯನ್ನು ಒಪ್ಪಿ ಹೋಗಿದ್ದರು. ನಾವು ಹೋಗಿ ಮನೆ ನೋಡಿ ಬರುವುದು ಬಾಕಿ. ನನ್ನ ಮಾವ ಕೋಗಳಿಯವರು, ಮಾತು ಬಹಳ ಕಡಿಮೆ. ಓದಿದ ಅಳಿಯನೇ ಮಾತಾಡಲಿ ಎಂದು ಮನೆಯಲ್ಲಿ ತೀರ್ಮಾನವಾಗಿತ್ತು. ಪ್ರಯಾಣದ ಪರೀಕ್ಷೆಗೂ ಇದೇ ಸುಸಂದರ್ಭವೆಂದು ನಾನು ತೀರ್ಮಾನಿಸಿದ್ದೆ.

ಬಸ್ಸಿನಲ್ಲಿ ಸುಮಂಗಲಾ ಮುಂದೆ ಹೆಂಗಸರ ಸೀಟಿನಲ್ಲಿ, ಮಾವ ನನ್ನ ಪಕ್ಕದಲ್ಲಿ. ಎರಡೂ ಕಿವಿಗೆ ಗುಂಡು ಒತ್ತಿಕೊಂಡೆ. ಏನು ನೆಮ್ಮದಿ! ಎಂಜಿನ್ ಸದ್ದಿಲ್ಲ, ಹಾರ್ನ್ ಇಲ್ಲ, ಕಂಡಕ್ಟರನ ಸಿಳ್ಳೆಯಿಲ್ಲ. ಅಪರೂಪಕ್ಕೆ ಮಾವ ಅವತ್ತು ನನ್ನ ಕಡೆ ತಿರುಗಿ ಬಹಳ ಹೊತ್ತು ಮಾತಾಡಿದರು, ಬೆರಳೆತ್ತಿ ಒತ್ತಿ ಹೇಳಿದರು. ಹಿರಿಯರ ಮಾತಿನ ನಡುವೆ ಕಿವಿಯಿಂದ ಏನನ್ನೋ ಕೀಳುವುದು ಅಗೌರವವೆಂದು ತೋರಿ, ಗೌರವದಿಂದ ತಲೆಯಾಡಿಸುತ್ತ ಹಾಡು ಕೇಳಿದೆ.

ಹಿರೇಹಡಗಲಿಯಲ್ಲಿ ಇಳಿಯುವಾಗ ಗುಂಡುಗಳನ್ನು ತೆಗೆದೆ. ಬಲಗಿವಿಯದು ಟೋಪಿಯೊಂದಿಗೆ ಬಂತು. ಎಡಗಿವಿಯದು ಬರಿತಲೆಯಲ್ಲಿ ಬಂತು. ಕಿರುಬೆರಳು ಹಾಕಿ ಕೆದಕಿದೆ. ಟೋಪಿ ಇನ್ನೂ ಒಳಗೆ ಹೋಯಿತು.

“ಏನಾತ್ರಿ?” ಎಂದಳು ಸುಮಂಗಲಾ.

“ಏನಿಲ್ಲ,” ಎಂದೆ.

ಹುಡುಗನ ಮನೆಯಲ್ಲಿ ನನ್ನನ್ನು ನಡುವೆ ಕೂರಿಸಿದರು. ನನ್ನ ಬಲಕ್ಕೆ ಮಾವ, ಅಂದರೆ ಮೌನ. ಎಡಕ್ಕೆ ಹುಡುಗನ ತಂದೆ. ಅವರದು ಮೆತ್ತನೆಯ ದನಿ. ಒಗ್ಗರಣಿ ಮಂಡಕ್ಕಿ, ಮಿರ್ಚಿ ಬಜ್ಜಿಯ ತಟ್ಟೆಗಳು ಬಂದವು. ಅವರು ಏನೋ ಕೇಳಿದರು. ನನ್ನ ಕೆಲಸದ ಬಗ್ಗೆ ಇರಬೇಕೆಂದು “ಭೌತಶಾಸ್ತ್ರ” ಎಂದೆ. ಅವರು ಕೇಳಿದ್ದು, ಯಾವ ಬಸ್ಸಿಗೆ ಬಂದ್ರಿ ಎಂದಂತೆ. ಅವರು ಸ್ವಲ್ಪ ಯೋಚಿಸಿ ಮತ್ತೊಂದು ಕೇಳಿದರು. ಅವರ ಕೈ ಮಿರ್ಚಿಯ ತಟ್ಟೆಯ ಕಡೆ ಇತ್ತು. ಇನ್ನೆರಡು ಹಾಕಿಸಲೇ ಎನ್ನುತ್ತಿದ್ದಾರೆಂದು ತಿಳಿದೆ.

“ಆಗ್ಲಿ ಬಿಡ್ರಿ, ಬಿಸಿ ಇದ್ದಾಗ ಆಗಿಬಿಟ್ರನ ಚಲೋ,” ಎಂದೆ.

ಮಾವನ ಕೈಯಲ್ಲಿದ್ದ ಮಿರ್ಚಿ ಬಾಯಿಯ ಹತ್ತಿರ ಹೋಗಿ ನಿಂತುಬಿಟ್ಟಿತು. ಒಳಮನೆಯಲ್ಲಿ ಹೆಂಗಸರ ಜೊತೆ ಕೂತಿದ್ದ ಸುಮಂಗಲಾ ಹೊಸ್ತಿಲು ದಾಟಿ ಬಂದು, ನನ್ನ ಬಲಗಿವಿಯತ್ತ ಬಗ್ಗಿ, ಹಲ್ಲು ಕಚ್ಚಿ ಪಿಸುಗುಟ್ಟಿದಳು.

“ಮುಂದಿನ ತಿಂಗಳನ ಲಗ್ನ ಮುಗಸೋಣೇನ್ರಿ ಅಂತ ಕೇಳಿದ್ರು ಅವ್ರು. ರೇಖಾಂದು ಬಿ.ಎಡ್. ಪರೀಕ್ಷಿ ಐತಿ, ಒಪ್ಪಬ್ಯಾಡ ಅಂತ ಅಪ್ಪ ದಾರಿಯುದ್ದಕ್ಕೂ ನಿಮಗ ಹೇಳಿಲ್ಲೇನು?”

ದಾರಿಯುದ್ದಕ್ಕೂ ಹೇಳಿದ್ದರು. ದಾರಿಯುದ್ದಕ್ಕೂ ನಾನು ತಲೆಯಾಡಿಸಿದ್ದೆ. ರೇಖಾ ಎರಡು ವರ್ಷ ಓದಿದ್ದು ನನ್ನ ಒಂದು ಮಿರ್ಚಿಯಿಂದ ಮಣ್ಣಾಗುವುದರಲ್ಲಿತ್ತು. ಇನ್ನು ಮಾನ ಉಳಿಸಿಕೊಳ್ಳುವ ಕಾಲವಲ್ಲವೆಂದು ಎದ್ದು ನಿಂತೆ.

“ತಪ್ಪು ತಿಳಕೋಬ್ಯಾಡ್ರಿ. ನನಗ ಏನೂ ಕೇಳಿಸಿಲ್ಲ. ಎಡಗಿವಿಯಾಗ ಟೊಪ್ಪಿಗಿ ಸಿಕ್ಕೊಂಡೈತಿ.”

ಮೂಲೆಯಲ್ಲಿ ಎಲೆಯಡಿಕೆ ಹಾಕುತ್ತಿದ್ದ ಹುಡುಗನ ಅಜ್ಜಿ ತಲೆಯೆತ್ತಿದರು.

“ತಲಿ ಮ್ಯಾಲಿಂದು ಕಿವಿಯಾಗ ಹೆಂಗ ಹೋತಪ್ಪ?”

ನಾಗರಾಜ ಮಾತ್ರ ನಗಲಿಲ್ಲ. ಕುರ್ಚಿಯೊಂದನ್ನು ಅಂಗಳದ ಬಿಸಿಲಿಗೆ ಹಾಕಿ ನನ್ನನ್ನು ಕೂರಿಸಿದ. ಕೈ ತೊಳೆದುಕೊಂಡು, ಒಳಗಿನಿಂದ ಸಣ್ಣ ಚಿಮಟ ತಂದ. ಎರಡೂ ಮನೆಯವರು ಸುತ್ತ ನಿಂತು ನನ್ನ ಕಿವಿಯೊಳಗೆ ಇಣುಕಿದರು. ನಾವು ಅವರ ಮನೆ ನೋಡಲು ಬಂದವರು; ಅವರು ನನ್ನ ಒಳಗನ್ನೇ ನೋಡಿಬಿಟ್ಟರು.

“ಸರ್, ಅಲುಗಾಡಬ್ಯಾಡ್ರಿ. ಆತು, ಬಂತು, ಬಂತು,” ಎಂದು ಮೆಲ್ಲಗೆ ಹೇಳುತ್ತಲೇ ಅವನು ಟೋಪಿಯನ್ನು ಎಳೆದು ಹೊರಗಿಟ್ಟ.

ಲೋಕದ ಸದ್ದೆಲ್ಲ ಒಮ್ಮೆಲೇ ಒಳನುಗ್ಗಿತು. ಮೊದಲು ಕೇಳಿಸಿದ್ದು ಮಾವನ ದನಿ. ಬೇರೆ ದಾರಿಯಿಲ್ಲದೆ ಅವರೇ ಬಾಯಿಬಿಟ್ಟಿದ್ದರು.

“ಹುಡುಗಿ ಪರೀಕ್ಷಿ ಐತ್ರಿ. ಅದು ಮುಗಿಯೋತನಕ ಲಗ್ನ ಬ್ಯಾಡ.”

“ಈಗರ ನಿಮ್ಮ ಅಳಿಯಂದಿರು ಆಗ್ಲಿ ಅಂದ್ರಲ್ರಿ?” ಎಂದರು ಹುಡುಗನ ತಂದೆ.

ಅಜ್ಜಿಯೇ ನ್ಯಾಯ ತೀರಿಸಿದರು.

“ಏ, ಕಿವಿ ಕೇಳದಾಗ ಆಡಿದ್ದನ್ನ ಲೆಕ್ಕಕ್ಕ ಹಿಡೀಬಾರ್ದಲೇ. ಅವ್ರು ಅಂದಂಗಿಲ್ಲ, ನೀನು ಕೇಳಿದಂಗಿಲ್ಲ.”

“ಆಕಿ ಪರೀಕ್ಷಿ ಬರೀಲಿ ಅಪ್ಪ. ನನಗೇನೂ ಅವಸರಿಲ್ಲ,” ಎಂದ ನಾಗರಾಜ, ಚಿಮಟ ತೊಳೆಯುತ್ತ.

ಬಸ್‌ಸ್ಟ್ಯಾಂಡಿನಿಂದಲೇ ಸುಮಂಗಲಾ ತಂಗಿಗೆ ಫೋನ್ ಮಾಡಿದಳು. “ಕಣ್ಣು ಮುಚ್ಚಿ ಒಪ್ಕೊ ಲೇ. ನಿಮ್ಮ ಮಾಮನ ಕಿವಿ ಅಷ್ಟು ಹತ್ರದಿಂದ ನೋಡಿದ್ರೂ ಹುಡುಗ ಮುಖ ಕಿವುಚಲಿಲ್ಲ.”

ರೇಖಾ ಪರೀಕ್ಷೆ ಬರೆದಳು, ಒಳ್ಳೆಯ ಅಂಕ ಬಂದವು, ಆಮೇಲೆ ಮದುವೆಯಾಯಿತು. ಮದುವೆಯ ದಿನ ಅಜ್ಜಿ ನನ್ನನ್ನು ಕಂಡವರೇ ಕೈಹಿಡಿದು ಪಕ್ಕದಲ್ಲಿ ಕೂರಿಸಿಕೊಂಡು, ಇಡೀ ಚಪ್ಪರಕ್ಕೆ ಕೇಳುವಂತೆ ಮಾತಾಡಿದರು. ಆ ಮನೆಯವರೆಲ್ಲ ನನ್ನೊಂದಿಗೆ ಕೂಗಿಯೇ ಮಾತಾಡುತ್ತಾರೆ. ‘ಕೇಳುತ್ತದೆ’ ಎಂದು ನಾನು ಮೆಲ್ಲಗೆ ಹೇಳಿದರೆ ಇನ್ನಷ್ಟು ಕೂಗುತ್ತಾರೆ.

ಮೊಮ್ಮಗ ಅಜ್ಜಿಗೆ ಹೊಸದಾಗಿ ಕಿವಿಮಿಷಿನ್ ಕೊಡಿಸಿದ್ದನಂತೆ. ಅವರು ಅದನ್ನು ತೆಗೆದು, ಸೆರಗಿನಲ್ಲಿ ಒರೆಸಿ, ನನ್ನ ಅಂಗೈಗಿಟ್ಟರು.

“ಇದನ್ನ ಹಾಕ್ಕೊಂಡು ನೋಡಪ್ಪ. ಭಾಳ ಆರಾಮ ಐತಿ.”

ಸಂಕೋಚವಾಯಿತು. ಆದರೆ ಅಧ್ಯಯನಶೀಲ ಮನುಷ್ಯ, ಸುಮ್ಮನಿರಲಾಗಲಿಲ್ಲ, ಕಿವಿಗಿಟ್ಟುಕೊಂಡೆ. ದನಿ ಸ್ಪಷ್ಟ, ಹಿತವಾಗಿ ಕೂತಿತ್ತು, ಜಾರಲಿಲ್ಲ. ಚಪ್ಪರದ ಆಚೆ ತುದಿಯಲ್ಲಿ ಅಡುಗೆಯವನೊಬ್ಬ ಬಡಿಸುವ ವಿಷಯ ಯಾರನ್ನು ಕೇಳಬೇಕೆಂದು ವಿಚಾರಿಸುತ್ತಿದ್ದ. ಅವನಿಗೆ ಸುಮಂಗಲಾ ಹೇಳಿದ್ದು ಒಂದಕ್ಷರ ಬಿಡದೆ ಕೇಳಿಸಿತು.

“ಅಲ್ಲಿ ಕುಂತಾರಲ್ಲ, ಅವ್ರನ್ನೊಬ್ರನ್ನ ಬಿಟ್ಟು ಯಾರನ್ನಾದ್ರೂ ಕೇಳು. ಅವ್ರು ಎಲ್ಲಾದಕ್ಕೂ ಹೂಂ ಅಂತಾರ.”